ಜಪಾನೀ ಲೇಖಕರು ಕಂಡ ಆದಿವಾಸಿಗಳು: ಕನಿಕರವಾ, ಪ್ರಚಾರವಾ?

ಪುಸ್ತಕದಹುಳ:
ಜಪಾನ್ ಅಂದ್ರೆ ನಮ್ಮಲ್ಲಿ ಒಂದು ಮೆಚ್ಚುಗೆ ಇದೆ. 1905ರಲ್ಲಿ ರಷ್ಯಾವನ್ನು ಮಣಿಸಿದ ಏಷ್ಯಾದ ದೇಶ, ಆಮೇಲೆ ಸೀದಾ ಹಿರೋಶಿಮಾ. ನಡುವೆ ಅದೂ ಒಂದು ಸಾಮ್ರಾಜ್ಯವಾಗಿತ್ತು ಅನ್ನೋದು ಮರೆತೇ ಹೋಗುತ್ತದೆ. ತೈವಾನ್ 1895ರಿಂದ 1945ರವರೆಗೆ ಅವರ ಕೈಯಲ್ಲಿತ್ತು. ಮೊದಲ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ಪಲಾವ್ ಮುಂತಾದ ದ್ವೀಪಗಳೂ ಸಿಕ್ಕವು. ಅಲ್ಲಿನ ಮೂಲನಿವಾಸಿಗಳ ಬಗ್ಗೆ ಕತೆ, ಕಾಮಿಕ್ಸ್, ಸಿನಿಮಾ ಎಲ್ಲ ಬಂದವು. ನನ್ನ ಪ್ರಕಾರ ಎಲ್ಲವೂ ಸರ್ಕಾರದ ತುತ್ತೂರಿ. 1933ರಿಂದ ಮಕ್ಕಳ ಪತ್ರಿಕೆಯೊಂದರಲ್ಲಿ ಬಂದ 'ಬೋಕೆನ್ ದಾಂಕಿಚಿ' ನೋಡಿ. ಒಬ್ಬ ಜಪಾನೀ ಹುಡುಗ ದ್ವೀಪಕ್ಕೆ ಹೋಗಿ ರಾಜನಾಗುತ್ತಾನೆ. ಹುಲ್ಲಿನ ಲಂಗ, ತಲೆಗೆ ಕಿರೀಟ, ಆದರೆ ಕೈಯಲ್ಲಿ ವಾಚು, ಕಾಲಿಗೆ ಶೂ. ದ್ವೀಪದವರೆಲ್ಲ ಒಂದೇ ಥರ ಕಾಣುತ್ತಾರೆ ಅಂತ ಅವರ ಎದೆ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಬರೆಯುತ್ತಾನೆ! ಇದಕ್ಕಿಂತ ಇನ್ನೇನು ಬೇಕು?

ರೇಖಾ_ಮೈಸೂರು:
ದಾಂಕಿಚಿ ಬಗ್ಗೆ ತಕರಾರಿಲ್ಲ. ಆದ್ರೆ ಎಲ್ಲರನ್ನೂ ಒಂದೇ ಗೋಣಿಚೀಲಕ್ಕೆ ತುಂಬಬೇಡಿ ಸಾರ್. ಸಾತೋ ಹಾರುವೋ 1920ರಲ್ಲಿ ತೈವಾನ್ ಸುತ್ತಿದ ಲೇಖಕ. ಅವರ 'ಮಾಚೋ' ಅನ್ನೋ ಕತೆ ಇದೆ, ಮಾಯದ ಹಕ್ಕಿಯ ಕತೆ. ಒಂದು ಆದಿವಾಸಿ ಹಳ್ಳಿಯಲ್ಲಿ ಒಂದು ಕುಟುಂಬದ ಮೇಲೆ ಮಾಟದ ಹಕ್ಕಿ ಸಾಕಿದ್ದಾರೆ ಅಂತ ಅನುಮಾನ ಹುಟ್ಟುತ್ತದೆ. ಊರವರು ಅವರನ್ನು ಮುಗಿಸುತ್ತಾರೆ. ಅದು ಅಚ್ಚಾದದ್ದು 1923ರ ಅಕ್ಟೋಬರ್. ಅದರ ಹಿಂದಿನ ತಿಂಗಳು ಟೋಕಿಯೋ ಭೂಕಂಪ. ಬಾವಿಗೆ ವಿಷ ಹಾಕಿದರು ಅನ್ನೋ ಗಾಳಿಮಾತು ನಂಬಿ ಕೊರಿಯಾದವರನ್ನು ಬೀದಿಯಲ್ಲಿ ಕೊಂದಿದ್ದರು. ಓದುಗರಿಗೆ ಯಾರ ಬಗ್ಗೆ ಹೇಳ್ತಿದ್ದಾನೆ ಅಂತ ಗೊತ್ತಾಗದೆ ಇರುತ್ತಾ? ಸೆನ್ಸಾರ್ ಇದ್ದ ಕಾಲದಲ್ಲಿ ಅಷ್ಟು ಹೇಳೋದಕ್ಕೂ ಎದೆ ಬೇಕು.

ಹಳೇಬೇರು:
ಎದೆ ಇತ್ತು, ಒಪ್ಪಿದೆ. ಆದರೂ ನನಗೆ ಒಂದು ಕಿರಿಕಿರಿ ಉಳಿಯುತ್ತದೆ. ಟೋಕಿಯೋದ ಪಾಪ ಹೇಳೋದಕ್ಕೆ ತೈವಾನಿನ ಬೆಟ್ಟದ ಜನ ಬೇಕಾದರು. ಅವರ ಮೂಢನಂಬಿಕೆ, ಅವರ ಕ್ರೌರ್ಯ ತೋರಿಸಿ 'ನೋಡಿ, ನಾವೂ ಇವರ ಹಾಗೇ' ಅನ್ನೋದು. ಆ ಹಳ್ಳಿಯವರಿಗೆ ಇದರಿಂದ ಏನು ಸಿಕ್ಕಿತು? ಕನ್ನಡಿಯ ಕೆಲಸ ಸಿಕ್ಕಿತು, ಅಷ್ಟೇ.

ರೇಖಾ_ಮೈಸೂರು:
ಹಾಗಾದ್ರೆ ಲೇಖಕ ಏನು ಮಾಡಬೇಕಿತ್ತು, ಬಾಯಿ ಮುಚ್ಚಿಕೊಂಡು ಇರಬೇಕಿತ್ತಾ?

ನಾಗರಾಜ್ ಟಿ:
ಇಬ್ಬರೂ ಒಂದು ನಿಮಿಷ ಇರಿ. ದಾಂಕಿಚಿಯಂಥ ಗೇಲಿ ಎಲ್ಲರಿಗೂ ಕಾಣಿಸುತ್ತದೆ. ನನಗೆ ಜಾಸ್ತಿ ಭಯ ಹುಟ್ಟಿಸೋದು ಹೊಗಳಿಕೆ. 1938ರಲ್ಲಿ ತೈವಾನಿನ ಅತಾಯಲ್ ಆದಿವಾಸಿ ಜನಾಂಗದ ಸಾಯೋನ್ ಅನ್ನೋ 17ರ ಹುಡುಗಿ, ಯುದ್ಧಕ್ಕೆ ಹೊರಟ ಜಪಾನೀ ಪೊಲೀಸನ ಸಾಮಾನು ಹೊತ್ತು ಹೋಗುವಾಗ ಹೊಳೆಗೆ ಬಿದ್ದು ಸತ್ತಳು. ಆತನೇ ಊರಿನ ಮೇಷ್ಟ್ರೂ ಆಗಿದ್ದ. ಮಳೆಗಾಲದ ಹೊಳೆ, ಬೆನ್ನ ಮೇಲೆ ಹೊರೆ. ಕೂಲಿ ಕೆಲಸದಲ್ಲಿ ಆದ ಸಾವು. ಅದನ್ನು ದೇಶಭಕ್ತಿಯ ಬಲಿದಾನ ಮಾಡಿದರು. 1941ರಲ್ಲಿ ಗವರ್ನರ್ ಜನರಲ್ ಅವಳ ನೆನಪಿಗೆ ಗಂಟೆ ಕೊಟ್ಟ. ಹಾಡು ಬಂತು. 1943ರಲ್ಲಿ 'ಸಾಯೋನ್ ನೋ ಕಾನೆ' (ಸಾಯೋನಳ ಗಂಟೆ) ಸಿನಿಮಾ ಬಂತು. ಅವಳ ಪಾತ್ರ ಮಾಡಿದ್ದು ರೀ ಕೋರಾನ್, ಅಂದರೆ ಚೀನಾದವಳು ಅಂತ ಪ್ರಚಾರ ಮಾಡಲಾಗಿದ್ದ ಜಪಾನೀ ನಟಿ.

ಶೂಟಿಂಗ್ ಎಲ್ಲಿ ಗೊತ್ತಾ? ಸಾಯೋನಳ ಊರಲ್ಲಿ ಅಲ್ಲ, ತೈವಾನಿನದೇ ಇನ್ನೊಂದು ಬೆಟ್ಟದೂರು ಮುಶಾ ಕಡೆ. ಅದೇ ಮುಶಾ, 1930ರ ಅಕ್ಟೋಬರ್ 27ರಂದು ಸೀಡಿಕ್ ಆದಿವಾಸಿ ಜನ ಮೋನಾ ರುದಾವೋ ಮುಂದಾಳತ್ವದಲ್ಲಿ ಶಾಲೆಯ ಆಟೋಟದ ದಿನ ದಾಳಿ ಮಾಡಿ 134 ಜಪಾನೀಯರನ್ನು ಕೊಂದ ಜಾಗ. ಆಮೇಲೆ ಸರ್ಕಾರ ವಿಮಾನ ತಂದು ಬಾಂಬ್ ಹಾಕಿ ಆ ಹಳ್ಳಿಗಳನ್ನೇ ಅಳಿಸಿತು. ಅದಾಗಿ 13 ವರ್ಷಕ್ಕೆ ಅದೇ ಬೆಟ್ಟದಲ್ಲಿ ನಗುನಗುತ್ತಾ ಚಕ್ರವರ್ತಿಗಾಗಿ ಸಾಯುವ ಹುಡುಗಿಯ ಕತೆ!

ಸುಮ್ನೆಓದುವವ:
ಮುಶಾದಲ್ಲಿ ಹಾನಾವೋಕಾ ಇಚಿರೋ ಅಂತ ಒಬ್ಬ ಸೀಡಿಕ್ ಇದ್ದ. ಹುಟ್ಟು ಹೆಸರು ದಾಕಿಸ್ ನೋಬಿನ್. ಜಪಾನೀ ಹೆಸರು, ಜಪಾನೀ ಓದು, ಪೊಲೀಸ್ ಕೆಲಸ, ಶಾಲೆಯಲ್ಲಿ ಪಾಠ. 'ನಾವು ತಿದ್ದಿ ತೀಡಿದ ಆದಿವಾಸಿ' ಅಂತ ತೋರಿಸಲು ಹೇಳಿ ಮಾಡಿಸಿದ ಹಾಗಿದ್ದ. ದಂಗೆಯ ನಂತರ ಹೆಂಡತಿ, ಮಗುವಿನ ಜೊತೆ ಜೀವ ಕಳೆದುಕೊಂಡ. ಸಿನಿಮಾಕ್ಕೆ ಸಾಯೋನ್ ಸಿಕ್ಕಿದಳು, ಇವನು ಬೇಡವಾದ. ಅರ್ಥ ಆಯ್ತಲ್ವಾ?

ಬಯಲುಸೀಮೆ:
ಕತೆ ಸಿನಿಮಾ ಬಿಡಿ, ಜನರನ್ನೇ ಪ್ರದರ್ಶನಕ್ಕೆ ಇಟ್ಟಿದ್ದರು. 1903ರ ಒಸಾಕಾ ವಸ್ತುಪ್ರದರ್ಶನದ ಹತ್ತಿರ 'ಮನುಷ್ಯರ ಮಂಟಪ'. ಜಪಾನಿನ ಉತ್ತರದ ಮೂಲನಿವಾಸಿಗಳಾದ ಐನು, ತೈವಾನಿನ ಆದಿವಾಸಿಗಳು, ದಕ್ಷಿಣದ ಒಕಿನಾವಾ ದ್ವೀಪದವರು, ಕೊರಿಯಾದವರು. ನಮ್ಮ ಭಾರತದವರೂ ಇದ್ದರು. ಒಕಿನಾವಾದ ಪತ್ರಕರ್ತ ಓಟಾ ಚೋಫು ಗಲಾಟೆ ಎಬ್ಬಿಸಿದರು. ಆದರೆ ಅವರ ಕೋಪ ಯಾವುದಕ್ಕೆ? ನಮ್ಮನ್ನು ಐನುಗಳ, ತೈವಾನಿನ ಕಾಡುಜನರ ಸಾಲಲ್ಲಿ ನಿಲ್ಲಿಸಿದ್ದೀರಲ್ಲ ಅಂತ! ತುಳಿಸಿಕೊಂಡವರಿಗೂ ತಮಗಿಂತ ಕೆಳಗೆ ಒಬ್ಬರು ಬೇಕು.

ಹಳೇಬೇರು:
ಅದೇ ಮಂಟಪದಲ್ಲಿ ಫುಶಿನೆ ಅನ್ನೋ ಐನು ಮನುಷ್ಯ ಇದ್ದರು. ತಮ್ಮ ಜನರ ಮಕ್ಕಳಿಗೆ ಶಾಲೆ ಕಟ್ಟಲು ಹಣ ಎತ್ತೋದಕ್ಕೆ ಬಂದು, ಬಂದವರ ಮುಂದೆ ಜಪಾನೀ ಭಾಷೆಯಲ್ಲೇ ಮಾತಾಡಿದರು. ಗೊಂಬೆಯ ಹಾಗೆ ನಿಂತಿರಲಿಲ್ಲ.

ಬಯಲುಸೀಮೆ:
ನಮ್ಮಲ್ಲಿ ಸ್ಕೂಲ್ ಡೇಗೆ ಮಕ್ಕಳ ಮೈಗೆ ಮಸಿ ಬಳಿದು, ಎಲೆ ಕಟ್ಟಿ, 'ಜಿಂಗಾಲಾಲಾ' ಕುಣಿಸೋದಿಲ್ವಾ?

ನಾಗರಾಜ್ ಟಿ:
ಕುಣಿಸ್ತೀವಿ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಜಪಾನಿಗೆ ಬನ್ನಿ.

ರೇಖಾ_ಮೈಸೂರು:
ಬಂದೆ. ನಾಕಾಜಿಮಾ ಅತ್ಸುಶಿ ಓದಿದ್ದೀರಾ? 1941ರಲ್ಲಿ ಪಲಾವ್‌ಗೆ ಹೋಗಿದ್ದು ಸರ್ಕಾರಿ ಕೆಲಸಕ್ಕೆ, ಅಲ್ಲಿನ ಮಕ್ಕಳಿಗೆ ಜಪಾನೀ ಪಠ್ಯಪುಸ್ತಕ ಮಾಡಲು. ಅವರ 'ಮಾರಿಯಾನ್' ಕತೆಯ ಹೆಂಗಸು ಟೋಕಿಯೋದಲ್ಲಿ ಓದಿ ಬಂದವಳು. ಅವಳ ಮನೆಯಲ್ಲಿ ಇಂಗ್ಲಿಷ್ ಕವಿತೆಗಳ ಪುಸ್ತಕ, ಜೊತೆಗೆ ಫ್ರೆಂಚ್ ಲೇಖಕ ಲೋತಿ ಪಾಲಿನೇಷ್ಯಾದ ತಾಹಿತಿ ದ್ವೀಪದ ಬಗ್ಗೆ ಬರೆದ ಕಾದಂಬರಿ. ಅದನ್ನು ಓದಿ ಅವಳು ಗೊಣಗುತ್ತಾಳೆ: ಹಳೇ ಕಾಲದ್ದು, ಅದೂ ಪಾಲಿನೇಷ್ಯಾದ್ದು, ನನಗೆ ಸರಿಯಾಗಿ ಗೊತ್ತಿಲ್ಲ, ಆದರೂ ಹೀಗೆಲ್ಲ ಇರೋಕೆ ಸಾಧ್ಯವೇ ಇಲ್ಲ ಅಂತ. ದ್ವೀಪದ ಹೆಂಗಸೇ ವಸಾಹತು ಸಾಹಿತ್ಯದ ವಿಮರ್ಶೆ ಮಾಡುತ್ತಾಳೆ! ಇದೂ ತುತ್ತೂರಿನಾ?

ಪುಸ್ತಕದಹುಳ:
ಆ ಪುಸ್ತಕಗಳನ್ನು ನೋಡಿದಾಗ ನಿರೂಪಕನಿಗೆ ಏನನ್ನಿಸಿತು, ಅದನ್ನು ಬಿಟ್ಟಿರಿ. ಪಾಪ, ಅನ್ನಿಸಿತು. ಓದಿದ ಹೆಂಗಸನ್ನು ಕಂಡರೆ ಯಾಕೆ ಸಂಕಟ? ಅವಳು ಅವನ ಮನಸ್ಸಿನ ದ್ವೀಪಕ್ಕೆ ಹೊಂದಲಿಲ್ಲ.

ರೇಖಾ_ಮೈಸೂರು:
ಆ ಸಂಕಟವನ್ನು ಮುಚ್ಚಿಡದೆ ಬರೆದ ಅನ್ನೋದೇ ನನ್ನ ವಾದ. ಅದಿಲ್ಲದಿದ್ದರೆ ನೀವು ಇವತ್ತು ಅವನನ್ನು ಹಿಡಿಯೋದಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ.

ಸುಮ್ನೆಓದುವವ:
ಇದೆಲ್ಲ 1945ಕ್ಕೆ ಮುಗಿಯಿತು ಅಲ್ವಾ?

ನಾಗರಾಜ್ ಟಿ:
ಎಲ್ಲಿ ಮುಗಿಯಿತು? ವೂ ಫೆಂಗ್ ಕತೆ ಇದೆಯಲ್ಲ. 18ನೇ ಶತಮಾನದಲ್ಲಿ ತೈವಾನಿನಲ್ಲಿದ್ದ ಚೀನೀ ದುಭಾಷಿ. ಅಲ್ಲಿನ ತ್ಸೋ ಆದಿವಾಸಿ ಜನ ತಲೆ ಕಡಿಯೋದನ್ನು ಬಿಡಲಿ ಅಂತ ತನ್ನ ತಲೆಯನ್ನೇ ಕೊಟ್ಟನಂತೆ. ತ್ಸೋ ಜನರ ಬಾಯಲ್ಲಿ ಅವನ ಕತೆಯೇ ಬೇರೆ, ಅಲ್ಲಿ ಅವನು ಮೋಸಗಾರ. ಜಪಾನೀ ಆಡಳಿತ ಅವನನ್ನು ಪಠ್ಯಪುಸ್ತಕಕ್ಕೆ ಹಾಕಿತು, 1932ರಲ್ಲಿ ಸಿನಿಮಾ ಕೂಡ ಬಂತು. ಜಪಾನೀಯರು ಹೋದ ಮೇಲೆ ಬಂದ ಚೀನೀ ಸರ್ಕಾರ ಅದೇ ಪಾಠವನ್ನು ಹಾಗೇ ಮುಂದುವರಿಸಿತು. ತ್ಸೋ ಮಕ್ಕಳು ಕ್ಲಾಸಿನಲ್ಲಿ ಕೂತು ತಮ್ಮ ಅಜ್ಜಂದಿರು ಕೊಲೆಗಾರರು ಅಂತ ಓದಬೇಕಿತ್ತು. 1988ರ ಕೊನೆಯ ದಿನ ಆದಿವಾಸಿ ಯುವಕರು ಚಿಯಾಯಿ ಊರಲ್ಲಿ ಅವನ ಪ್ರತಿಮೆಗೆ ಹಗ್ಗ ಹಾಕಿ ಎಳೆದು ಕೆಡವಿದರು. ಪಾಠ ಪುಸ್ತಕದಿಂದ ಹೋಯಿತು, ಮರುವರ್ಷ ವೂ ಫೆಂಗ್ ಹೆಸರಿನ ತಾಲ್ಲೂಕು ಅಲಿಶಾನ್ ಆಯಿತು.