ಬೆಳವ ಹೊಸದಾಗಿ ಬಂತೋ, ನನ್ನ ಕಣ್ಣಿಗೆ ಈಗ ಬಿತ್ತೋ?

ಪ್ರಶ್ನೆ: 2007ರಿಂದ ಬೆಳಿಗ್ಗೆ ಒಂದೇ ದಾರಿಯಲ್ಲಿ ನಡೆದು, ಕಂಡ ಹಕ್ಕಿಗಳನ್ನು ಬರೆದಿಡುತ್ತಿದ್ದೇನೆ. ಮೊದಲ ಒಂಬತ್ತು ವರ್ಷ, ಕತ್ತಿನ ಹಿಂದೆ ಕಪ್ಪು ಪಟ್ಟಿಯಿರುವ ಬೆಳವ ಒಮ್ಮೆಯೂ ಇಲ್ಲ. ಈಗ ವಾರಕ್ಕೆ ಮೂರು ಸಲ. ಗುಬ್ಬಿಯ ಲೆಕ್ಕವೋ, ಪುಟ ತಿರುವಿದಂತೆಲ್ಲ ಇಳಿಯುತ್ತಲೇ ಬಂದಿದೆ. ನೋಡಿ ಹೊಟ್ಟೆ ಕಿವುಚಿದಂತಾಯಿತು. ಆದರೆ 2016ರಲ್ಲೇ ನಾನು ಬೈನಾಕ್ಯುಲರ್ ಕೊಂಡಿದ್ದು. ಬದಲಾದದ್ದು ಹಕ್ಕಿಯೋ, ನಾನೋ?

ಉತ್ತರ 1: ಕೂಗಿನ ಟಿಪ್ಪಣಿ ಇದೆಯೇ ನೋಡಿ. ಈ ಬೆಳವದ್ದು ಮೂರು ಸ್ವರದ ಕೂಗು, ನಡುವಿನದಕ್ಕೆ ಒತ್ತು. ಅದನ್ನು ಕೇಳಲು ಬೈನಾಕ್ಯುಲರ್ ಬೇಡ. ಬಂದಿರುವ ಸಾಧ್ಯತೆಯೂ ಇಲ್ಲದಿಲ್ಲ: 20ನೇ ಶತಮಾನದಲ್ಲಿ ಇದು ಬಾಲ್ಕನ್ ಕಡೆಯಿಂದ ಯುರೋಪಿನುದ್ದಕ್ಕೂ ಹಬ್ಬಿ, 1955ರಲ್ಲಿ ಬ್ರಿಟನ್ನಿನಲ್ಲಿ ಗೂಡು ಕಟ್ಟಿತು.

ಉತ್ತರ 2: ಗೋವಕ್ಕಿಯೂ ಹಾಗೇ, ಆಫ್ರಿಕಾದಿಂದ ಅಟ್ಲಾಂಟಿಕ್ ದಾಟಿ ದಕ್ಷಿಣ ಅಮೆರಿಕ ಸೇರಿತು, 1950ರ ದಶಕದಲ್ಲಿ ಫ್ಲಾರಿಡಾದಲ್ಲಿ ಮರಿ ಮಾಡಿತು. ಆದರೆ ಒಂದು ದಾರಿಯ ಲೆಕ್ಕದಿಂದ ಹಕ್ಕಿಯ ನೆಲೆ ಸರಿಯಿತು ಅನ್ನಲಾಗದು. ಅದಕ್ಕೆ ಹಲವು ಕಡೆಯವರ ದಾಖಲೆ ಬೇಕು, ನಿಮ್ಮದನ್ನು ಹಕ್ಕಿ ನೋಡುವವರು ದಾಖಲೆ ಹಾಕುವ ಇ-ಬರ್ಡ್ ಜಾಲತಾಣಕ್ಕೆ ಸೇರಿಸಿ. ಎಷ್ಟು ಹೊತ್ತು ನಡೆದಿರಿ ಅನ್ನುವುದನ್ನೂ ಬರೆಯಿರಿ. ಕಾಣದ ದಿನದ ಪಟ್ಟಿಯನ್ನು ದಯವಿಟ್ಟು ಬಿಡಬೇಡಿ, ನನ್ನ ಮಟ್ಟಿಗೆ ಅದೇ ಹೆಚ್ಚು ಬೆಲೆಯದು.

ಪ್ರಶ್ನೆ ಕೇಳಿದವರು: ರಾತ್ರಿ ಕೂತು ಹುಡುಕಿದೆ. 2014ರ ಮಾರ್ಚ್‌ನಲ್ಲಿ ಒಂದು ಸಾಲು: ‘ತಂತಿಯ ಮೇಲಿಂದ ಮೂರು ಸ್ವರದ ಕೂಗು, ಯಾವುದೋ ಗೊತ್ತಾಗಲಿಲ್ಲ.’ ಅದಕ್ಕೂ ಹಿಂದಿನ ಪುಟಗಳಲ್ಲಿ ಅಂಥ ಕೂಗೇ ಇಲ್ಲ. ಪೂರ್ತಿ ಪಟ್ಟಿಗಳನ್ನು ಇಂದಿನಿಂದಲೇ ಏರಿಸುತ್ತೇನೆ, ಗುಬ್ಬಿ ಸೊನ್ನೆಯಾದ ದಿನಗಳನ್ನೂ ಸೇರಿಸಿ.