ಮಗಳು ಹುಟ್ಟಿದ್ದು ಬ್ರಿಟನ್ನಿನಲ್ಲಿ, ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್: ಲಂಡನ್ ವಿಮಾನ ಹತ್ತಿಸುವುದು ಹೇಗೆ?

ಕುವೆಂಪುನಗರ_ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳು 2017ರಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಹುಟ್ಟಿದಳು. ಆಗ ನನಗೂ ನನ್ನ ಹೆಂಡತಿಗೂ ಅಲ್ಲಿನ ಕಾಯಂ ವಾಸದ ಅನುಮತಿ, ಅಂದರೆ ಐಎಲ್‌ಆರ್ ಇತ್ತು. ಇಬ್ಬರೂ ಭಾರತದ ಪ್ರಜೆಗಳೇ. ಹೇಗೂ ಊರಿಗೆ ಮರಳುವವರು ಎಂದುಕೊಂಡು ಲಂಡನ್ನಿನ ಹೈಕಮಿಷನ್‌ನಲ್ಲಿ ಜನನ ನೋಂದಣಿ ಮಾಡಿಸಿ, ಮಗಳಿಗೂ ಭಾರತದ ಪಾಸ್‌ಪೋರ್ಟ್ ಮಾಡಿಸಿದೆವು. ಬ್ರಿಟಿಷ್ ಪಾಸ್‌ಪೋರ್ಟಿನ ಗೊಡವೆಗೆ ಹೋಗಲಿಲ್ಲ. ಮೈಸೂರಿಗೆ ಬಂದು ವರ್ಷಗಳಾದವು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದುದರಿಂದ ನಮ್ಮ ಐಎಲ್‌ಆರ್ ತಾನಾಗಿಯೇ ಹೋಯಿತು.

ಈಗ ಹೆಂಡತಿಗೆ ಲೆಸ್ಟರ್‌ನಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಅವಳಿಗೆ ಕೆಲಸದ ವೀಸಾ, ನನಗೆ ಅವಲಂಬಿತರ ವೀಸಾ. ಮಗಳಿಗೂ ನನ್ನ ಹಾಗೆಯೇ ಅರ್ಜಿ ಹಾಕಲು ಹೋದರೆ, ಹುಟ್ಟಿದ ಊರು ನೋಡಿದ ಏಜೆಂಟರು "ಇವಳು ಬ್ರಿಟಿಷ್ ಪ್ರಜೆ ಇರಬೇಕು, ಇವಳಿಗೆ ವೀಸಾ ಕೊಡುವುದಿಲ್ಲ" ಎಂದುಬಿಟ್ಟರು. ಅಪ್ಪ ಅಮ್ಮನಿಗೆ ವೀಸಾ ಉಂಟು, ಅಲ್ಲಿಯೇ ಹುಟ್ಟಿದವಳಿಗೆ ಇಲ್ಲ ಎಂದರೆ ಏನರ್ಥ?

ನಮ್ಮ ಭಾವನವರು ಹೇಳುವುದು ಬೇರೆ: "ಬ್ರಿಟಿಷ್ ಪಾಸ್‌ಪೋರ್ಟ್ ಒಂದು ಮಾಡಿಸಿ. ಬೆಂಗಳೂರಿನಲ್ಲಿ ಭಾರತದ್ದು ತೋರಿಸಿ, ಹೀಥ್ರೂನಲ್ಲಿ ಬ್ರಿಟನ್ನಿನದು ತೋರಿಸಿ. ಎಲ್ಲರೂ ಮಾಡುವುದು ಅದನ್ನೇ." ಸೆಪ್ಟೆಂಬರಿನಲ್ಲಿ ಅಲ್ಲಿ ಶಾಲೆ ಶುರು. ಯಾರಾದರೂ ಈ ದಾರಿಯಲ್ಲಿ ಹೋದವರು ಇದ್ದರೆ ತಿಳಿಸಿ.

ಮಿಸ್ಸಿಸಾಗಾ_ಗಿರಿಜಾ

ಬ್ರಿಟನ್ನಿನ ವಿಚಾರ ನನಗೆ ಅಷ್ಟು ಗೊತ್ತಿಲ್ಲ, ಕೆನಡಾದ್ದು ಹೇಳುತ್ತೇನೆ. ಇಲ್ಲಿ 2016ರ ನವೆಂಬರ್ 10ರಿಂದ ಎರಡು ಪೌರತ್ವ ಇರುವ ಕೆನಡಿಯನ್ನರು ವಿಮಾನದಲ್ಲಿ ಬರಬೇಕಾದರೆ ಕೆನಡಾದ ಪಾಸ್‌ಪೋರ್ಟ್ ಬೇಕೇ ಬೇಕು. ಅಮೆರಿಕದ ಪಾಸ್‌ಪೋರ್ಟ್ ಇರುವವರಿಗೆ ಮಾತ್ರ ರಿಯಾಯಿತಿ. ನಮ್ಮ ಪಕ್ಕದ ಮನೆಯವರು ಫ್ರೆಂಚರೂ ಹೌದು, ಕೆನಡಿಯನ್ನರೂ ಹೌದು. ನಿಮ್ಮ ಭಾವನವರು ಹೇಳಿದ ಹಾಗೆ ಅತ್ತ ಒಂದು, ಇತ್ತ ಒಂದು ತೋರಿಸಿ ಓಡಾಡುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಹಾಗಾಗಿ ಭಾವನವರ ಮಾತು ಪೂರ್ತಿ ತಪ್ಪೇನಲ್ಲ ಅನ್ನಿಸುತ್ತದೆ.

ಹಳೆಯ_ಕೌಂಟರ್

ಗಿರಿಜಾ ಅವರೇ, ನಿಮ್ಮ ಪಕ್ಕದ ಮನೆಯವರಿಗೆ ಅದು ಸರಿ, ಏಕೆಂದರೆ ಫ್ರಾನ್ಸ್ ಎರಡು ಪೌರತ್ವವನ್ನು ಒಪ್ಪುತ್ತದೆ. ಭಾರತ ಸಾಮಾನ್ಯವಾಗಿ ಒಪ್ಪುವುದಿಲ್ಲ. ಆ ಉಪಾಯವನ್ನು ಮೈಸೂರಿಗೆ ತಂದರೆ ಕೇಸು ಮೈಮೇಲೆ ಬೀಳುತ್ತದೆ.

ಕುವೆಂಪುನಗರದವರೇ, ನಾನು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬಹಳ ಕಾಲ ಚೆಕ್‌-ಇನ್ ಕೌಂಟರಿನಲ್ಲಿ ಕೂತವನು, ಈಗ ನಿವೃತ್ತ. ಕೌಂಟರಿನ ಈಚೆ ಕಡೆಯಿಂದ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ.

ಮೊದಲನೆಯದಾಗಿ, ಏಜೆಂಟರು ಹೇಳಿದ್ದು ಸರಿ. ಬ್ರಿಟನ್ನಿನ 1981ರ ಪೌರತ್ವ ಕಾಯಿದೆ ಜಾರಿಗೆ ಬಂದದ್ದು 1983ರ ಜನವರಿ 1ರಂದು. ಅಂದಿನಿಂದ ಅಲ್ಲಿ ಹುಟ್ಟಿದ ಮಗುವಿನ ತಾಯಿ ಅಥವಾ ತಂದೆ, ಮಗು ಹುಟ್ಟಿದ ದಿನ, ಬ್ರಿಟಿಷ್ ಪ್ರಜೆಯಾಗಿದ್ದರೆ ಅಥವಾ ಐಎಲ್‌ಆರ್ ಪಡೆದು ನೆಲೆಸಿದ್ದರೆ ಮಗು ಹುಟ್ಟಿನಿಂದಲೇ ಬ್ರಿಟಿಷ್. ಅರ್ಜಿ ಹಾಕಬೇಕಾಗಿಲ್ಲ, ಯಾರೂ ಕೊಡಬೇಕಾಗಿಲ್ಲ. ಪಾಸ್‌ಪೋರ್ಟ್ ಮಾಡಿಸದಿದ್ದರೂ ಪೌರತ್ವ ಹೋಗುವುದಿಲ್ಲ. ನಿಮ್ಮ ಐಎಲ್‌ಆರ್ ಆಮೇಲೆ ಹೋದದ್ದು ಮಗಳಿಗೆ ತಟ್ಟುವುದೂ ಇಲ್ಲ. ತನ್ನ ಪ್ರಜೆಗೆ ತಾನೇ ವೀಸಾ ಕೊಡುವ ದೇಶ ಯಾವುದಿದೆ?

ಅತ್ತ ಭಾರತದ ಲೆಕ್ಕದಲ್ಲಿಯೂ ಅವಳು ಪ್ರಜೆಯೇ. 1955ರ ಪೌರತ್ವ ಕಾಯಿದೆಯ 4ನೇ ಸೆಕ್ಷನ್ ಪ್ರಕಾರ, ಹೊರದೇಶದಲ್ಲಿ ಹುಟ್ಟಿದ ಮಗುವನ್ನು ಒಂದು ವರ್ಷದೊಳಗೆ ದೂತಾವಾಸದಲ್ಲಿ ನೋಂದಾಯಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆ ತಾಯಿ ಬರೆದುಕೊಡಬೇಕು. ನೀವು ಅದನ್ನು ಮಾಡಿದ್ದೀರಿ. ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ: ಇಂಥ ಮಗು ಬೇರೊಂದು ದೇಶದ ಪ್ರಜೆಯೂ ಆಗಿದ್ದರೆ, ಹದಿನೆಂಟು ತುಂಬಿದ ಆರು ತಿಂಗಳೊಳಗೆ ಆ ಪೌರತ್ವವನ್ನು ಬಿಡಬೇಕು, ಇಲ್ಲವಾದರೆ ಭಾರತದ್ದು ಹೋಗುತ್ತದೆ. ಅಂದರೆ ಅಲ್ಲಿಯವರೆಗೆ ಎರಡೂ ಇರಬಹುದೆಂದು ನಮ್ಮ ಕಾಯಿದೆಯೇ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿದೆ. "ಭಾರತದಲ್ಲಿ ದ್ವಿಪೌರತ್ವವೇ ಇಲ್ಲ" ಎಂದು ಘಂಟಾಘೋಷವಾಗಿ ಹೇಳುವವರು ಈ ಮೂಲೆಯನ್ನು ನೋಡಿರುವುದಿಲ್ಲ.

ತೊಡಕು ಶುರುವಾಗುವುದು ಕೌಂಟರಿನಲ್ಲಿ. 2026ರ ಫೆಬ್ರವರಿ 25ರಿಂದ ಬ್ರಿಟನ್ ಬಿಗಿ ಮಾಡಿದೆ. ಎರಡು ಪೌರತ್ವದ ಬ್ರಿಟಿಷರು ವಿಮಾನ ಹತ್ತುವ ಮೊದಲು ಬ್ರಿಟಿಷ್ ಅಥವಾ ಐರಿಷ್ ಪಾಸ್‌ಪೋರ್ಟ್ ತೋರಿಸಬೇಕು, ಇಲ್ಲವೇ ಬೇರೆ ಪಾಸ್‌ಪೋರ್ಟಿನೊಂದಿಗೆ ಅಲ್ಲಿ ವಾಸಿಸುವ ಹಕ್ಕಿನ ಪ್ರಮಾಣಪತ್ರ ಹೊಂದಿರಬೇಕು. ಅಮೆರಿಕ, ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಹಿಡಿದು ಓಡಾಡುತ್ತಿದ್ದ ಬ್ರಿಟಿಷರು ಈಗ ಗಾಬರಿಯಾಗಿದ್ದಾರೆ. ಭಾರತದ ಪಾಸ್‌ಪೋರ್ಟಿನವರಿಗೆ ಇದು ಹೊಸದೇನಲ್ಲ. ನಮಗೆ ಮೊದಲಿನಿಂದಲೂ ವೀಸಾ ಇಲ್ಲದೆ ಆ ವಿಮಾನ ಹತ್ತಲು ಬಿಡುತ್ತಿರಲಿಲ್ಲ.

ಕೌಂಟರಿನ ಹುಡುಗಿ ನಿಮ್ಮ ಮುಖ ನೋಡಿ ತೀರ್ಮಾನ ಮಾಡುವುದಿಲ್ಲ. ಪಾಸ್‌ಪೋರ್ಟ್ ಯಾವ ದೇಶದ್ದು, ಹೋಗುವುದು ಎಲ್ಲಿಗೆ ಎಂದು ಟಿಮ್ಯಾಟಿಕ್‌ನಲ್ಲಿ ಒತ್ತುತ್ತಾಳೆ. ವಿಮಾನ ಕಂಪನಿಗಳೆಲ್ಲ ನೋಡುವ ನಿಯಮಗಳ ಭಂಡಾರ ಅದು. ಭಾರತದ ಪಾಸ್‌ಪೋರ್ಟ್, ಬ್ರಿಟನ್ನಿಗೆ ಪಯಣ ಎಂದರೆ ವೀಸಾ ಎಲ್ಲಿ ಎಂದು ಅದು ಕೇಳುತ್ತದೆ. ಸರಿಯಾದ ದಾಖಲೆ ಇಲ್ಲದವರನ್ನು ಹತ್ತಿಸಿಕೊಂಡು ಹೋದರೆ ತಲೆಗೆ 2,000 ಪೌಂಡ್ ದಂಡ, ಕಟ್ಟಬೇಕಾದದ್ದು ವಿಮಾನ ಕಂಪನಿ. ಆದ್ದರಿಂದ "ಅಲ್ಲಿಗೆ ಹೋದ ಮೇಲೆ ನಾವು ಮಾತಾಡಿಕೊಳ್ಳುತ್ತೇವೆ" ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಒಂದು ರಾತ್ರಿ ಒಬ್ಬ ತಾಯಿ ಮಗುವಿನ ಇಂಗ್ಲಿಷ್ ಜನನ ಪ್ರಮಾಣಪತ್ರವನ್ನು ನೀಟಾಗಿ ಲ್ಯಾಮಿನೇಟ್ ಮಾಡಿಸಿ ತಂದು ನನ್ನ ಮುಂದೆ ಇಟ್ಟರು. ಪ್ಲಾಸ್ಟಿಕ್ಕಿನ ಮೇಲೆ ಟ್ಯೂಬ್‌ಲೈಟ್ ಹೊಳೆದು ಹೆಸರೇ ಓದಲಾಗುತ್ತಿರಲಿಲ್ಲ. ಓದಿದ್ದರೂ ಅದು ಪಯಣದ ದಾಖಲೆಯಲ್ಲ. ಬ್ರಿಟನ್ ಗಡಿ ಇಲಾಖೆಯ ಸಹಾಯವಾಣಿಗೆ ಫೋನ್ ಮಾಡಿದೆವು, ಅವರೂ ಬೇಡವೆಂದರು. ಮೂರು ಸೂಟ್‌ಕೇಸ್ ಬೆಲ್ಟಿನಿಂದ ವಾಪಸ್ ಇಳಿಸಿದೆವು. ಅಂದಹಾಗೆ, ಮೂಲ ಪ್ರಮಾಣಪತ್ರವನ್ನು ನೀವೂ ಲ್ಯಾಮಿನೇಟ್ ಮಾಡಿಸಿದ್ದರೆ ಹೊಸದೊಂದು ಪ್ರತಿ ತರಿಸಿಕೊಳ್ಳಿ; ಅಲ್ಲಿನ ಪಾಸ್‌ಪೋರ್ಟ್ ಕಚೇರಿ ಹಾಗೆ ಮಾಡಿಸಿದ್ದನ್ನು ತೆಗೆದುಕೊಳ್ಳುವುದಿಲ್ಲ. ನಮ್ಮವರಿಗೆ ಕಾಗದ ಕಂಡರೆ ಲ್ಯಾಮಿನೇಟ್ ಮಾಡಿಸುವ ಚಟ ಯಾಕೋ.

ಈಗ ಭಾವನವರ ಉಪಾಯ. ಮಗಳಿಗೆ ಬ್ರಿಟಿಷ್ ಪಾಸ್‌ಪೋರ್ಟ್ ಕೈಗೆ ಬಂದ ಗಳಿಗೆಯಿಂದ ಭಾರತ ಸರ್ಕಾರ ಅವಳನ್ನು ತನ್ನ ಪ್ರಜೆಯೆಂದು ನೋಡುವುದಿಲ್ಲ. ಬೇರೆ ದೇಶದ ಪಾಸ್‌ಪೋರ್ಟ್ ಪಡೆಯುವುದೇ ಆ ಪೌರತ್ವವನ್ನು ಬಯಸಿ ಪಡೆದುದಕ್ಕೆ ಪುರಾವೆ ಎಂದು ನಮ್ಮ ನಿಯಮಗಳು ಹೇಳುತ್ತವೆ. ಆಮೇಲೆ ಭಾರತದ ಪಾಸ್‌ಪೋರ್ಟ್ ತೋರಿಸಿ ಗಡಿ ದಾಟಿದರೆ 1967ರ ಪಾಸ್‌ಪೋರ್ಟ್ ಕಾಯಿದೆಯಡಿ ಅಪರಾಧ. ಮಗುವಿನ ಪರವಾಗಿ ಉತ್ತರ ಕೊಡಬೇಕಾದವರು ನೀವು.

ಹಾಗಾಗಿ ನಿಮ್ಮ ಮುಂದೆ ಇರುವುದು ಎರಡೇ ದಾರಿ. ಒಂದು, ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡು, ವಾಸಿಸುವ ಹಕ್ಕಿನ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು. ಶುಲ್ಕ 589 ಪೌಂಡ್. ಪಾಸ್‌ಪೋರ್ಟಿಗಿಂತ ಎಷ್ಟೋ ಪಟ್ಟು ದುಬಾರಿ. ನನ್ನ ಕಾಲಕ್ಕೆ ಅದು ಪಾಸ್‌ಪೋರ್ಟ್ ಪುಟಕ್ಕೆ ಅಂಟಿಸಿದ ಸ್ಟಿಕರ್ ಆಗಿತ್ತು. ಬ್ರಿಟಿಷ್ ಪಾಸ್‌ಪೋರ್ಟ್ ಇರುವವರಿಗೆ ಇದನ್ನು ಕೊಡುವುದಿಲ್ಲ, ಎರಡರಲ್ಲಿ ಒಂದೇ. ಇನ್ನೊಂದು ದಾರಿ, ಬ್ರಿಟಿಷ್ ಪಾಸ್‌ಪೋರ್ಟ್ ಮಾಡಿಸಿ, ಭಾರತದ್ದನ್ನು ಒಪ್ಪಿಸಿ, ಮುಂದೆ ಒಸಿಐ ಕಾರ್ಡ್, ಅಂದರೆ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್ ಮಾಡಿಸುವುದು.

ನನ್ನನ್ನು ಕೇಳಿದರೆ ಮೊದಲನೆಯದು. ದುಡ್ಡು ಹೋದರೂ ನಿರ್ಧಾರ ಮಗಳಿಗೇ ಉಳಿಯುತ್ತದೆ, ಹದಿನೆಂಟಕ್ಕೆ ಅವಳೇ ಆರಿಸಿಕೊಳ್ಳಲಿ.

ಕುವೆಂಪುನಗರ_ಅಪ್ಪ

ಸರ್, ತುಂಬಾ ಧನ್ಯವಾದ. ಲ್ಯಾಮಿನೇಟ್ ಮಾಡಿಸಿಲ್ಲ, ಸದ್ಯ! ಎರಡು ಅನುಮಾನ ಉಳಿದಿವೆ. 589 ಪೌಂಡ್ ನೋಡಿ ಹೆಂಡತಿ ಎರಡನೆಯ ದಾರಿಯೇ ವಾಸಿ ಎನ್ನುತ್ತಿದ್ದಾಳೆ. ಇಲ್ಲಿದ್ದುಕೊಂಡೇ ಬ್ರಿಟಿಷ್ ಪಾಸ್‌ಪೋರ್ಟ್ ಪಡೆದು ಹೊರಟರೆ ಬೆಂಗಳೂರಿನಲ್ಲಿ ತಡೆಯುತ್ತಾರೆಯೇ? ಒಸಿಐ ಆದರೆ ಮುಂದೆ ಇಲ್ಲಿ ಓದಲು ಬಂದರೆ ತೊಂದರೆ ಇದೆಯೇ?

ಹಳೆಯ_ಕೌಂಟರ್

ತಡೆಯುತ್ತಾರೆ, ಅದರ ಸಿದ್ಧತೆ ಇಲ್ಲದಿದ್ದರೆ. ಇಮಿಗ್ರೇಷನ್ ಅಧಿಕಾರಿಯ ದೃಷ್ಟಿಯಿಂದ ನೋಡಿ: ಎದುರಿಗೆ ಒಬ್ಬಳು ಬ್ರಿಟಿಷ್ ಹುಡುಗಿ, ಪಾಸ್‌ಪೋರ್ಟ್ ಹೊಚ್ಚ ಹೊಸದು, ಒಳಗೆ ಭಾರತದ ವೀಸಾ ಇಲ್ಲ, ಬಂದ ಮುದ್ರೆಯೂ ಇಲ್ಲ. ಈಕೆ ದೇಶದೊಳಗೆ ಬಂದದ್ದು ಹೇಗೆ? ಅದಕ್ಕೇ ಹೊರಡುವ ಮೊದಲು ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ನೋಂದಣಿ ಕಚೇರಿಯಿಂದ ನಿರ್ಗಮನ ಅನುಮತಿ ಪಡೆಯಬೇಕು. ಬೆಂಗಳೂರಿನ ಕಚೇರಿ ಶಾಂತಿನಗರದ ಬಸ್ ನಿಲ್ದಾಣದ ಕಟ್ಟಡದಲ್ಲಿದೆ, ಅರ್ಜಿ ಮಾತ್ರ ಆನ್‌ಲೈನ್. ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿದ ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಕಚೇರಿಯಿಂದ ಪಡೆಯಿರಿ. ಮುಂದೆ ಒಸಿಐ ಅರ್ಜಿಗೂ ಅದನ್ನೇ ಕೇಳುತ್ತಾರೆ. 2025ರ ಸೆಪ್ಟೆಂಬರಿನಿಂದ ವಿದೇಶಿಯರ ಹಳೆಯ ಕಾಯಿದೆಗಳು ಹೋಗಿ 2025ರ ವಲಸೆ ಮತ್ತು ವಿದೇಶಿಯರ ಕಾಯಿದೆ ಬಂದಿದೆ, "ಗೊತ್ತಿರಲಿಲ್ಲ" ಎನ್ನುವುದು ಅಲ್ಲಿಯೂ ನಡೆಯುವುದಿಲ್ಲ.

ಓದಿನ ವಿಷಯ. 2021ರ ಮಾರ್ಚ್ 4ರ ಅಧಿಸೂಚನೆಯ ಪ್ರಕಾರ ಒಸಿಐ ಮಕ್ಕಳು ನೀಟ್, ಜೆಇಇಯಂಥ ಪರೀಕ್ಷೆ ಬರೆಯಬಹುದು, ಆದರೆ ಸೀಟಿನ ಲೆಕ್ಕದಲ್ಲಿ ಅನಿವಾಸಿ ಭಾರತೀಯರ ಸಾಲಿಗೆ ಸೇರುತ್ತಾರೆ. ಭಾರತದ ಪ್ರಜೆಗಳಿಗೇ ಮೀಸಲಾದ ಸೀಟು ಅವರಿಗಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಆ ತಾರೀಖಿಗಿಂತ ಮೊದಲೇ ಕಾರ್ಡ್ ಪಡೆದವರನ್ನು ಇದರಿಂದ ಪಾರು ಮಾಡಿತು. ನಿಮ್ಮ ಮಗಳ ಕಾರ್ಡ್ ಇನ್ನು ಮುಂದೆ ಆಗಬೇಕಾದದ್ದು. ಮೈಸೂರಿನಲ್ಲಿ ಸರ್ಕಾರಿ ಕೋಟಾದ ವೈದ್ಯಕೀಯ ಸೀಟಿಗೂ ಅನಿವಾಸಿ ಕೋಟಾದ ಸೀಟಿಗೂ ಶುಲ್ಕದಲ್ಲಿ ಎಷ್ಟು ಅಂತರ ಎಂದು ಮನೆಯವರಿಗೆ ಒಮ್ಮೆ ತೋರಿಸಿ. 589 ಪೌಂಡ್ ಆಗ ಚಿಲ್ಲರೆಯಂತೆ ಕಾಣುತ್ತದೆ. ಮತದಾನವಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಲೆಸ್ಟರ್_ಕನ್ನಡತಿ

ಹಿರಿಯರು ಹೇಳದೆ ಬಿಟ್ಟ ಒಂದು ವಿಷಯ ಹೇಳುತ್ತೇನೆ: ಹೆಸರು. ನನ್ನ ಮಗನ ಇಲ್ಲಿನ ಜನನ ಪ್ರಮಾಣಪತ್ರದಲ್ಲಿ ನಮ್ಮ ಮನೆತನದ ಹೆಸರು ಕೊನೆಗೆ ಇತ್ತು. ಭಾರತದ ಪಾಸ್‌ಪೋರ್ಟಿನಲ್ಲಿ ಊರಿನ ಪದ್ಧತಿಯಂತೆ ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿಸಿದ್ದೆವು. ನಮಗೆ ಇಬ್ಬರೂ ಒಬ್ಬನೇ. ಬ್ರಿಟನ್ನಿನ ಪಾಸ್‌ಪೋರ್ಟ್ ಕಚೇರಿಗೆ ಅಲ್ಲ. ಎಲ್ಲ ದಾಖಲೆಗಳಲ್ಲಿ ಒಂದೇ ಹೆಸರಿರಬೇಕು, ಬೇರೆ ದೇಶದ ಪಾಸ್‌ಪೋರ್ಟ್ ಕೂಡ ಅದರಲ್ಲಿ ಸೇರಿದೆ ಎಂದು ಪತ್ರ ಬಂತು. ಅದನ್ನು ಸರಿಪಡಿಸುವಷ್ಟರಲ್ಲಿ ಬೇಸಿಗೆ ರಜೆಯೇ ಮುಗಿಯಿತು. ನೀವು ಯಾವ ದಾರಿ ಹಿಡಿದರೂ ಎರಡು ಕಾಗದ ಪಕ್ಕ ಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ಇನ್ನೊಂದು, ಜನನ ಪ್ರಮಾಣಪತ್ರದಲ್ಲಿ ಚಿಕ್ಕದು, ಪೂರ್ಣದ್ದು ಎಂದು ಎರಡು ಬಗೆ. ಚಿಕ್ಕದರಲ್ಲಿ ತಂದೆ ತಾಯಿಯ ಹೆಸರೇ ಇರುವುದಿಲ್ಲ, ಅದು ಉಪಯೋಗಕ್ಕೆ ಬಾರದು. ಪೂರ್ಣ ಪ್ರತಿಯನ್ನು ಭಾರತದಿಂದಲೇ ಆನ್‌ಲೈನ್‌ನಲ್ಲಿ ತರಿಸಬಹುದು.

ನಿಮ್ಮವರು ನಮ್ಮ ಊರಿಗೇ ಬರುತ್ತಿದ್ದಾರೆ, ಸಂತೋಷ. ಬೆಲ್‌ಗ್ರೇವ್ ರಸ್ತೆಯಲ್ಲಿ ತರಕಾರಿಗೆ, ಬೇಳೆಗೆ ಚಿಂತೆಯಿಲ್ಲ, ರಾಗಿ ಹಿಟ್ಟೂ ಸಿಗುತ್ತದೆ.

ಕುವೆಂಪುನಗರ_ಅಪ್ಪ

ಮೇಡಂ, ಈಗಷ್ಟೇ ತೆಗೆದು ನೋಡಿದೆ. ನಮ್ಮದು ಪೂರ್ಣ ಪ್ರತಿಯೇ, ಹೆಸರೂ ಎರಡು ಕಡೆ ಒಂದೇ ಇದೆ. ಮನೆಯಲ್ಲಿ ಸೀಟಿನ ಮಾತು ಕೇಳಿದ ಮೇಲೆ ಪ್ರಮಾಣಪತ್ರದ ದಾರಿ ಎಂದು ಗಟ್ಟಿಯಾಯಿತು. ಕೊನೆಯದಾಗಿ, 2017ರಲ್ಲಿ ನಮಗೆ ಐಎಲ್‌ಆರ್ ಇತ್ತೆಂದು ತೋರಿಸಲು ಹೆಂಡತಿಯ ಹಳೆಯ ಕಾರ್ಡ್ ಇದೆ, ಅವಧಿ ಮುಗಿದಿದೆ. ನನ್ನದು ಸಿಗುತ್ತಿಲ್ಲ.

ಹಳೆಯ_ಕೌಂಟರ್

ಒಬ್ಬರದು ಸಾಕು, ಇಬ್ಬರದೂ ಬೇಕಿಲ್ಲ. ಅವಧಿ ಮುಗಿದಿದ್ದರೂ ಚಿಂತೆಯಿಲ್ಲ. ಅವರು ನೋಡುವುದು ಮಗಳು ಹುಟ್ಟಿದ ದಿನ ಅದು ಚಾಲ್ತಿಯಲ್ಲಿತ್ತೇ ಎಂದು. ಕಾರ್ಡಿನ ಮೇಲೆ ಕೊಟ್ಟ ತಾರೀಖು ಅವಳ ಹುಟ್ಟುಹಬ್ಬಕ್ಕಿಂತ ಹಿಂದಿನದೇ ಎಂದು ಖಾತ್ರಿ ಮಾಡಿಕೊಳ್ಳಿ. ಆ ಕಾಲದ ಪಾಸ್‌ಪೋರ್ಟನ್ನೂ ಜೊತೆಗಿಡಿ. ಅಷ್ಟೂ ಸಾಲದೆ ಹೋದರೆ ನಿಮ್ಮ ಹಳೆಯ ಕಡತದ ಪ್ರತಿಯನ್ನು ಬ್ರಿಟನ್ನಿನ ಗೃಹ ಇಲಾಖೆಯಿಂದ ಕೇಳಿ ಪಡೆಯಬಹುದು, ಅದಕ್ಕೆ ಶುಲ್ಕವಿಲ್ಲ. ಟಿಕೆಟ್ ಮಾತ್ರ ಪ್ರಮಾಣಪತ್ರ ಬಂದ ಮೇಲೆಯೇ ಮಾಡಿಸಿ. ಹೆಂಡತಿಯವರ ಕೆಲಸ ಮೊದಲೇ ಶುರುವಾದರೆ ಅವರು ಮುಂದೆ ಹೋಗಲಿ, ನೀವು ಮಗಳನ್ನು ಕರೆದುಕೊಂಡು ಹಿಂದಿನಿಂದ ಹೋಗಿ.