ಪರಲೋಕಕ್ಕೆ ಹೋಗಿಬಂದೆವೆನ್ನುವವರ ಸಾಕ್ಷಿಗಳನ್ನು ನಾವು ಹೇಗೆ ಕಾಣಬೇಕು?

ಪ್ರಶ್ನೆ: ಸುಂಟಿಕೊಪ್ಪದ ಸಭಾ ಸದಸ್ಯೆ

ಸುಂಟಿಕೊಪ್ಪದ ಸುತ್ತಲಿನ ತೋಟಗಳ ಲೈನ್ ಮನೆಗಳಲ್ಲಿ ನಮ್ಮ ಪ್ರಾರ್ಥನಾ ಕೂಟ ನಡೆಯುತ್ತದೆ. ಆಸ್ಪತ್ರೆಯಲ್ಲಿ ಪ್ರಾಣ ಹೋಗಿ, ಪರಲೋಕವನ್ನು ಕಂಡು, ಕರ್ತನಾದ ಯೇಸುವಿನೊಡನೆ ಮಾತಾಡಿ ಮರಳಿದೆವೆಂದು ಹೇಳುವವರ ವಿಡಿಯೊಗಳು ಈಚೆಗೆ ಕೂಟದವರ ಮೊಬೈಲುಗಳಲ್ಲಿ ಹರಿದಾಡುತ್ತಿವೆ. ಕಳೆದ ಮಳೆಗಾಲದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ನಮ್ಮಲ್ಲಿದ್ದಾರೆ. ಅಲ್ಲಿ ಮಕ್ಕಳು ಆಡುತ್ತಿರುವುದನ್ನು ಕಂಡೆವೆಂಬ ಮಾತು ಬಂದಾಗ ಅವರ ಮುಖ ತಿಳಿಯಾಗುತ್ತದೆ. ಆದರೆ ಒಬ್ಬರ ಸಾಕ್ಷಿ ಇನ್ನೊಬ್ಬರದಕ್ಕೆ ಹೊಂದದೆ ಹೋದ ರಾತ್ರಿ ನಿದ್ದೆ ಬಾರದೆ ನನಗೆ ಫೋನ್ ಮಾಡುತ್ತಾರೆ. ಇವನ್ನು ನಂಬಬಹುದೇ? ನಂಬಬಾರದೆಂದಾದರೆ ಆ ತಾಯಿಗೆ ಅದನ್ನು ಹೇಗೆ ಹೇಳಲಿ?

ಉತ್ತರ: ಸಿದ್ದಾಪುರದ ಸಭಾಪಾಲಕರು

ಸಹೋದರಿಯವರೇ, ಮೊದಲು ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಸತ್ತು ಎದ್ದವರನ್ನೇ ನೋಡೋಣ. ಚಾರೆಪ್ತದ ವಿಧವೆಯ ಮಗ, ಯಾಯೀರನ ಮಗಳು, ನಾಯಿನೆಂಬ ಊರಿನ ಯುವಕ, ಯೊಪ್ಪದ ತಬಿಥಾ ಇವರೆಲ್ಲರೂ ಬದುಕಿ ಬಂದರು. ಬೇಥಾನ್ಯದ ಲಾಜರನಂತೂ ನಾಲ್ಕು ದಿನ ಸಮಾಧಿಯಲ್ಲಿದ್ದ. ಇವರಲ್ಲಿ ಒಬ್ಬರಾದರೂ ಆಚೆಯ ಲೋಕದಲ್ಲಿ ಏನು ಕಂಡೆನೆಂದು ಹೇಳಿದ ಒಂದು ವಾಕ್ಯವೂ ದಾಖಲಾಗಿಲ್ಲ. ಲಾಜರನನ್ನು ನೋಡಲು ಜನರು ಗುಂಪುಗುಂಪಾಗಿ ಬಂದರೆಂದು ಬರೆದ ಯೋಹಾನನಿಗೆ, ಅವನು ಆಡಿದ ಮಾತನ್ನು ಬರೆಯಬೇಕೆಂದು ಅನಿಸಲಿಲ್ಲ.

ಮೂರನೆಯ ಆಕಾಶದವರೆಗೆ ಒಯ್ಯಲ್ಪಟ್ಟ ಪೌಲನು ಹದಿನಾಲ್ಕು ವರ್ಷಗಳ ಬಳಿಕ, ಅದೂ ಬೇರೆ ಯಾರದೋ ವಿಷಯವೆಂಬಂತೆ, ತಾನು ಕೇಳಿದ ಮಾತುಗಳನ್ನು ಮನುಷ್ಯನು ನುಡಿಯಬಾರದೆಂದು ಹೇಳಿ ಮುಗಿಸುತ್ತಾನೆ. ಆ ಅನುಭವದಿಂದ ತಾನು ಉಬ್ಬಿಹೋಗದಂತೆ ಶರೀರದಲ್ಲಿ ಒಂದು ಮುಳ್ಳು ಕೊಡಲ್ಪಟ್ಟಿತೆಂಬುದನ್ನೂ ಅಲ್ಲೇ ಬರೆಯುತ್ತಾನೆ (2 ಕೊರಿಂಥ 12). ಯೆಶಾಯನು ದರ್ಶನದಲ್ಲಿ ಕರ್ತನನ್ನು ಕಂಡಾಗ ತಾನು ಅಳಿದೆನೆಂದು ಕೂಗಿಕೊಂಡ. ಯೋಹಾನನು ಪತ್ಮೋಸ್ ದ್ವೀಪದಲ್ಲಿ ದರ್ಶನ ಕಂಡಾಗ ಸತ್ತವನಂತೆ ಬಿದ್ದ. ಇಂದಿನ ವಿಡಿಯೊಗಳಲ್ಲಿ ಈ ಭಯಭಕ್ತಿ ಎಲ್ಲಿದೆ? ನಾನು ನೋಡಿದವುಗಳಲ್ಲಿ ಹೇಳುವವನೇ ಕಥೆಯ ನಡುವೆ ನಿಂತಿರುತ್ತಾನೆ.

ಈ ಪ್ರಶ್ನೆಗೆ ನೇರವಾಗಿ ತಾಕುವುದು ಲೂಕ 16ನೆಯ ಅಧ್ಯಾಯ. ಸತ್ತವರೊಳಗಿಂದ ಒಬ್ಬನು ಹೋಗಿ ತನ್ನ ಐದು ಮಂದಿ ತಮ್ಮಂದಿರಿಗೆ ಸಾಕ್ಷಿ ಹೇಳಲೆಂದು, ಸತ್ತು ಪಾತಾಳದಲ್ಲಿ ಯಾತನೆಪಡುತ್ತಿದ್ದ ಐಶ್ವರ್ಯವಂತನೊಬ್ಬನು ಬೇಡಿಕೊಂಡಾಗ, ಅವರಿಗೆ ಮೋಶೆಯೂ ಪ್ರವಾದಿಗಳೂ ಇದ್ದಾರೆ, ಅವರ ಮಾತನ್ನು ಕೇಳಲಿ ಎಂದು ಅಬ್ರಹಾಮನು ಉತ್ತರಿಸುತ್ತಾನೆ. ಈ ವಿಡಿಯೊಗಳಲ್ಲಿ ನಾವು ಹುಡುಕುತ್ತಿರುವುದು ಆ ಐಶ್ವರ್ಯವಂತನು ಕೇಳಿದ್ದನ್ನೇ.

ಇನ್ನೊಂದು ಸಂಗತಿಯೂ ತಿಳಿದಿರಲಿ. ಅಪಘಾತಕ್ಕೀಡಾದ ಬಾಲಕನೊಬ್ಬ ಸ್ವರ್ಗಕ್ಕೆ ಹೋಗಿಬಂದನೆಂಬ ಪುಸ್ತಕವೊಂದು 2010ರಲ್ಲಿ ಅಮೆರಿಕದಲ್ಲಿ ಹೊರಬಂದು ಬಹಳ ಮಾರಾಟವಾಗಿತ್ತು. 2015ರ ಜನವರಿಯಲ್ಲಿ, ತಾನು ಸಾಯಲೂ ಇಲ್ಲ, ಸ್ವರ್ಗಕ್ಕೆ ಹೋಗಲೂ ಇಲ್ಲ, ಜನರ ಗಮನ ಸಿಗುವುದೆಂದು ಹಾಗೆ ಹೇಳಿದೆನೆಂದು ಆ ಹುಡುಗನೇ ಬಹಿರಂಗ ಪತ್ರ ಬರೆದ. ಪ್ರಕಾಶಕರು ಪುಸ್ತಕವನ್ನು ಹಿಂತೆಗೆದುಕೊಂಡರು. ಇದರಿಂದ ಎಲ್ಲರೂ ಸುಳ್ಳುಗಾರರೆಂದು ಆಗುವುದಿಲ್ಲ. ಆದರೆ ಅಂಥ ಸಾಕ್ಷಿಯ ಮೇಲೆ ನಂಬಿಕೆ ಕಟ್ಟಿಕೊಂಡವರ ಗತಿ ಆ ದಿನ ಏನಾಗಿರಬೇಕೆಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಉತ್ತರ: ಮಡಿಕೇರಿಯಿಂದ, ನರ್ಸ್

ಅಯ್ಯನವರ ಮಾತನ್ನು ಒಪ್ಪುತ್ತೇನೆ. ಆದರೂ ಹೀಗೆ ಹೇಳುವವರಲ್ಲಿ ಅನೇಕರು ಪ್ರಾಮಾಣಿಕರೆಂಬುದನ್ನು ಒತ್ತಿ ಹೇಳಬೇಕಾಗಿದೆ. ಹೃದಯ ನಿಂತು ಮತ್ತೆ ಬದುಕಿದ 344 ರೋಗಿಗಳನ್ನು ಕುರಿತು ನೆದರ್ಲೆಂಡ್ಸಿನ ವೈದ್ಯರು 2001ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 62 ಮಂದಿ ಇಂಥ ಅನುಭವವನ್ನು ಹೇಳಿದ್ದರು. ನಮ್ಮ ದೇಶದ 16 ಪ್ರಕರಣಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರಿಚಾ ಅವರು ಅಮೆರಿಕದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ ಅವರೊಡನೆ 1986ರಲ್ಲಿ ವರದಿ ಮಾಡಿದ್ದಾರೆ. ಅವುಗಳಲ್ಲಿ ದೂತರು ಬಂದು ಕರೆದೊಯ್ಯುವುದು, ಲೆಕ್ಕದ ಪುಸ್ತಕ ಹಿಡಿದವನ ಮುಂದೆ ನಿಲ್ಲಿಸುವುದು, ಕರೆತರಬೇಕಾದವನು ಇವನಲ್ಲವೆಂದು ತಿಳಿದು ಹಿಂದಕ್ಕೆ ಕಳುಹಿಸುವುದು ಮತ್ತೆ ಮತ್ತೆ ಬರುತ್ತವೆ. ಅನುಭವ ನಿಜವಾಗಿಯೂ ಆಗಿರಬಹುದು. ಆದರೆ ಕಂಡವರ ಹಿನ್ನೆಲೆಗೆ ತಕ್ಕಂತೆ ಅದರ ರೂಪ ಬದಲಾಗುವುದಾದರೆ, ಅದನ್ನು ಪರಲೋಕದ ವರದಿಯೆಂದು ಹೇಗೆ ಹೇಳುವುದು? ಮೇಲಾಗಿ ಇವರು ಸಾವಿನ ಅಂಚಿನಿಂದ ಚಿಕಿತ್ಸೆಯಿಂದ ಮರಳಿದವರು. ನಾಲ್ಕು ದಿನ ಸಮಾಧಿಯಲ್ಲಿದ್ದವರಲ್ಲ.

ಉತ್ತರ: ವಿರಾಜಪೇಟೆಯ ಕಥೋಲಿಕರು

ನಮ್ಮ ಧರ್ಮಸಭೆಯು ಸಂತರ ದರ್ಶನಗಳನ್ನು ತಳ್ಳಿಹಾಕುವುದಿಲ್ಲ. ಆದರೆ ಅಂಥ ಖಾಸಗಿ ದರ್ಶನಗಳು ವಿಶ್ವಾಸದ ನಿಧಿಗೆ, ಅಂದರೆ ಅಪೊಸ್ತಲರಿಂದ ಬಂದ ಮೂಲ ಬೋಧನೆಗೆ, ಸೇರಿದವಲ್ಲ, ಕ್ರಿಸ್ತರು ಪ್ರಕಟಿಸಿದ್ದನ್ನು ಅವು ತಿದ್ದಲಾರವು, ಪೂರ್ಣಗೊಳಿಸಲಾರವು ಎಂದು 1992ರ ಧರ್ಮೋಪದೇಶ ಗ್ರಂಥದ 67ನೆಯ ಪರಿಚ್ಛೇದ ಸ್ಪಷ್ಟಪಡಿಸುತ್ತದೆ. ಆ ತಾಯಿಯ ವಿಷಯದಲ್ಲಿ ನನ್ನ ಅನಿಸಿಕೆಯೊಂದಿದೆ. ನವೆಂಬರ್ 2ರಂದು ನಾವು ಸಮಾಧಿಗಳನ್ನು ಶುಚಿಮಾಡಿ ಮೇಣದಬತ್ತಿ ಹಚ್ಚಿ ಅಗಲಿದವರಿಗಾಗಿ ಪ್ರಾರ್ಥಿಸುತ್ತೇವೆ. ನಿಮ್ಮ ಸಭೆಯ ಉಪದೇಶ ಬೇರೆಯೆಂದು ಬಲ್ಲೆ. ಆದರೂ ಮಗನ ಹೆಸರನ್ನು ಎಲ್ಲರ ಮುಂದೆ ಉಚ್ಚರಿಸಲು ಅವರಿಗೊಂದು ಸಂದರ್ಭ ಬೇಕು. ಅದು ಕೂಟದಲ್ಲಿ ಸಿಗದೆ ಹೋದುದರಿಂದಲೇ ಅವರು ಮೊಬೈಲಿಗೆ ಮೊರೆಹೋಗಿರಬಹುದು.

ಪ್ರಶ್ನೆ ಕೇಳಿದವರು

ಈ ಕೊನೆಯ ಮಾತು ಸರಿಯೆನಿಸುತ್ತದೆ. ದುಃಖ ಹೆಚ್ಚಾದೀತೆಂದು ಕೂಟದಲ್ಲಿ ಯಾರೂ ಆ ಹುಡುಗನ ಮಾತೆತ್ತುವುದಿಲ್ಲ. ಆದರೆ ವಿಡಿಯೊ ನೋಡಬೇಡಿ ಎಂದು ನಾನು ಹೇಳಬೇಕೇ, ಅಯ್ಯನವರೇ?

ಉತ್ತರ: ಸಿದ್ದಾಪುರದ ಸಭಾಪಾಲಕರು

ಈಗಲೇ ಹಾಗೆ ಹೇಳಬೇಡಿರಿ. ಹೋಗಿ ಅವರ ಬಳಿ ಕುಳಿತು, ಮಗನ ವಿಷಯವನ್ನು ಅವರೇ ಹೇಳುವಂತೆ ಕೇಳಿರಿ. ಆಮೇಲೆ ಯೋಹಾನ 11ನೆಯ ಅಧ್ಯಾಯವನ್ನು ಅವರೊಂದಿಗೆ ನಿಧಾನವಾಗಿ ಓದಿರಿ. ಮಾರ್ಥಳಿಗೆ ಕರ್ತನು ಅವಳ ತಮ್ಮ ಲಾಜರನು ಆಗ ಎಲ್ಲಿದ್ದಾನೆ, ಹೇಗಿದ್ದಾನೆ ಎಂಬ ವರ್ಣನೆ ಕೊಡಲಿಲ್ಲ. ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ ಎಂದನು, ಬಳಿಕ ಸಮಾಧಿಗೆ ಬರುವ ಮೊದಲೇ ಕಣ್ಣೀರು ಬಿಟ್ಟನು. ಸಾಕ್ಷಿಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ಅವರೇ ಕಂಡುಕೊಂಡಿದ್ದಾರಲ್ಲ, ಆ ಮಾತನ್ನು ಅವರೇ ಎತ್ತಿದ ದಿನ ಲೂಕ 16ನ್ನು ತೆರೆಯಿರಿ. ಮುಂದಿನ ಕೂಟ ಯಾವ ಮನೆಯಲ್ಲೆಂದು ತಿಳಿಸಿದರೆ ನಾನೂ ಬರುತ್ತೇನೆ.